ಸೊರಗಿ ಬಿದ್ದ ಹಕ್ಕಿಗೆ ಪ್ರಥಮ ಚಿಕಿತ್ಸೆ

ಬೇಸಿಗೆಯಲ್ಲಿ ಬೆಂಗಳೂರಿನಂಥ ನಗರಗಳ ತಾರಸಿಯ ಮೇಲೋ ರಸ್ತೆಬದಿಯ ಮರದಡಿಯಲ್ಲೋ ಹಾರಲಾರದೆ ಕುಳಿತ ಹದ್ದನ್ನು ಕಂಡೊಡನೆ ಕರುಣಾಳುಗಳು ಮಾಡುವ ಮೊದಲ ಕಾರ್ಯವೆಂದರೆ, ಅದರ ಕೊಕ್ಕನ್ನು ಬಿಡಿಸಿ ಹಾಲನ್ನೋ ನೀರನ್ನೋ ಸುರಿಯುವುದು. ಇದು ಎಂದಿಗೂ ಸಲ್ಲದು. ಪಕ್ಷಿಯ ಶ್ವಾಸನಾಳದ ದ್ವಾರವು ನಾಲಗೆಯ ಬುಡದಲ್ಲಿಯೇ ತೆರೆದಿರುವುದರಿಂದ ಸುರಿದ ದ್ರವವು ಶ್ವಾಸಕೋಶವನ್ನು ಹೊಕ್ಕು ಪ್ರಾಣಾಪಾಯವನ್ನು ತರಬಲ್ಲುದು. ಹಾಲಂತೂ ಪಕ್ಷಿಗಳಿಗೆ ಜೀರ್ಣವಾಗುವ ಆಹಾರವೇ ಅಲ್ಲ.

ಮೊದಲು ದಪ್ಪ ಟವೆಲನ್ನು ತಲೆ ಮುಚ್ಚುವಂತೆ ಹೊದಿಸಿ, ರೆಕ್ಕೆಗಳನ್ನು ಮೈಗೆ ಒತ್ತಿಸಿ ಮೃದುವಾಗಿ ಎತ್ತಿಕೊಳ್ಳಬೇಕು. ಹದ್ದು, ಗೂಬೆಗಳ ಕೊಕ್ಕಿಗಿಂತ ಉಗುರೇ ಭಯಂಕರವಾದುದರಿಂದ ಕಾಲುಗಳ ಮೇಲೆ ಗಮನವಿರಲಿ. ತಂತಿಯ ಪಂಜರದಲ್ಲಿ ಗರಿಗಳು ಮುರಿಯುತ್ತವೆ. ಗಾಳಿಗೆ ರಂಧ್ರ ಮಾಡಿ, ತಳಕ್ಕೆ ಬಟ್ಟೆ ಹಾಸಿದ ರಟ್ಟಿನ ಪೆಟ್ಟಿಗೆಯೇ ಲೇಸು. ಅದನ್ನು ನಾಯಿ, ಬೆಕ್ಕು, ಮಕ್ಕಳ ಗದ್ದಲ ಯಾವುದೂ ಸುಳಿಯದ ಕತ್ತಲೆಯ ಕೋಣೆಯಲ್ಲಿಡಬೇಕು. ಹತ್ತಿರದಲ್ಲೇ ತಾಯಿಹಕ್ಕಿ ಕೂಗುತ್ತಿರುವ, ಗರಿ ಮೂಡಿದ ಮರಿ ಕಂಡರೆ ಅದನ್ನು ಮನೆಗೆ ತರದೆ ಕೊಂಬೆಯ ಮೇಲೆ ಕುಳ್ಳಿರಿಸಿ ದೂರ ಸರಿಯತಕ್ಕದ್ದು.

ಎದೆಯ ನಡುಮೂಳೆಯನ್ನು ಬೆರಳಿನಿಂದ ಸವರಿದಾಗ ಇಬ್ಬದಿಯ ಮಾಂಸ ಕರಗಿ ಅದು ಕತ್ತಿಯ ಅಲಗಿನಂತೆ ತಾಗಿದರೆ, ಹಕ್ಕಿ ಬಹುದಿನಗಳಿಂದ ಉಪವಾಸವಿದೆಯೆಂದು ತಿಳಿಯಬೇಕು. ಸಾಮಾನ್ಯವಾಗಿ 40ರಿಂದ 42 ಡಿಗ್ರಿ ಸೆಲ್ಸಿಯಸ್‌ನಷ್ಟಿರುವ ತನ್ನ ದೇಹೋಷ್ಣವನ್ನು ಅದು ಕಾಯ್ದುಕೊಳ್ಳಲಾರದು. ಆದ್ದರಿಂದ ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ, ಸೆಕೆಯೆನಿಸಿದರೆ ಹಕ್ಕಿ ಸರಿದುಕೊಳ್ಳಲು ಅನುವಾಗುವಂತೆ ಪೆಟ್ಟಿಗೆಯ ಒಂದೇ ಬದಿಯಲ್ಲಿಡಿ. ಬಿಸಿಲಿಗೆ ಬಳಲಿ, ಕೊಕ್ಕು ತೆರೆದು ಏದುಸಿರು ಬಿಡುತ್ತಿರುವ ಹಕ್ಕಿಗೆ ಶಾಖ ಕೂಡದು, ನೆರಳು ಮತ್ತು ಗಾಳಿ ಬೇಕು.

ಮೈ ಹದಗೊಂಡು ತಲೆ ಎತ್ತಿ ಕುಳಿತ ಮೇಲಷ್ಟೇ ದ್ರವ. 1 ಲೀಟರು ಕಾಯಿಸಿ ಆರಿಸಿದ ನೀರಿಗೆ 6 ಸಣ್ಣ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿ, ಉಗುರುಬೆಚ್ಚಗಿರುವಾಗ ಕೊಕ್ಕಿನ ಅಂಚಿಗೆ ಒಂದೊಂದೇ ಹನಿ ತಾಗಿಸಿ, ನುಂಗಿದುದನ್ನು ನೋಡಿಯೇ ಮುಂದಿನ ಹನಿ ಕೊಡಬೇಕು. ತಲೆ ಜೋತ ಹಕ್ಕಿಗೆ ಏನನ್ನೂ ಕೊಡಬಾರದು. ದೀರ್ಘೋಪವಾಸದಿಂದ ಕೃಶವಾದ ಶರೀರಕ್ಕೆ ಒಮ್ಮೆಲೇ ಘನಾಹಾರ ಬಿದ್ದರೆ ರಕ್ತದ ಲವಣಾಂಶಗಳು ಏರುಪೇರಾಗಿ ಹೃದಯವೇ ನಿಲ್ಲಬಹುದು. ಆದಕಾರಣ ಅನ್ನ, ಬ್ರೆಡ್ಡು, ಮಾಂಸ ಯಾವುದನ್ನೂ ನಾವಾಗಿ ತಿನ್ನಿಸದೆ ಆ ನಿರ್ಧಾರವನ್ನು ವೈದ್ಯರಿಗೆ ಬಿಡುವುದೇ ಯುಕ್ತ.

ವಿಳಂಬ ಮಾಡದೆ ಅರಣ್ಯ ಇಲಾಖೆಗಾಗಲಿ, ಬೆಂಗಳೂರಿನಲ್ಲಾದರೆ ಕೆಂಗೇರಿಯ ಬಳಿಯ ಪೀಪಲ್ ಫಾರ್ ಅನಿಮಲ್ಸ್ ವನ್ಯಜೀವಿ ಆಸ್ಪತ್ರೆಗಾಗಲಿ ತಿಳಿಸಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಕಾಡುಹಕ್ಕಿಯನ್ನು ಮನೆಯಲ್ಲಿ ಸಾಕುವಂತಿಲ್ಲ. ಗುಣವಾದ ಮೇಲೆ ಅದೇ ನೆಲೆಗೆ ಮರಳಿಸಲು ನೆರವಾಗುವಂತೆ, ಸಿಕ್ಕ ಸ್ಥಳವನ್ನೂ ವೇಳೆಯನ್ನೂ ಪೆಟ್ಟಿಗೆಯ ಮೇಲೆ ಬರೆದಿಡಿ. ಮುಟ್ಟಿದ ಬಳಿಕ ಸೋಪಿನಿಂದ ಕೈ ತೊಳೆಯಿರಿ. ಒಂದೇ ಕಡೆ ಹಲವು ಹಕ್ಕಿಗಳು ಸತ್ತು ಬಿದ್ದಿದ್ದರೆ ಯಾವುದನ್ನೂ ಮುಟ್ಟದೆ ಪಶುಪಾಲನಾ ಇಲಾಖೆಗೆ ಸುದ್ದಿ ಮುಟ್ಟಿಸಿ.