ಕಂಪನಕ್ಕಿಂತ ಮೊದಲು ಗದ್ದಲ

ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದ ಫೌಂಡ್ರಿಗಳಲ್ಲಿ ಮೋಟರು, ಬ್ಲೋವರುಗಳ ಕಂಪನ ಅಳೆಯುವುದು ನನ್ನ ಕಸುಬು. ಬೇರಿಂಗ್ ಸವೆದಿದೆಯೋ ಇಲ್ಲವೋ ಹೇಳುವುದು ಕಷ್ಟವಲ್ಲ, ಸುತ್ತಮುತ್ತ ಏನೇನು ಅಲುಗುತ್ತಿದೆ ಎಂದು ಗೊತ್ತಿದ್ದರೆ. ಹೊಸ ಹುಡುಗರಿಗೆ ನಾನು ಹೇಳುವುದು ಇಷ್ಟು.

1. ಮೊದಲ ರೀಡಿಂಗ್ ಯಂತ್ರದ್ದಲ್ಲ. ಇಂಡಕ್ಷನ್ ಫರ್ನೇಸ್ ಆನ್ ಇರುವಾಗ ಸೆನ್ಸರನ್ನು ಎಲ್ಲಿಗೂ ತಾಗಿಸದೆ ತೂಗುಬಿಡಿ. ಆಗಲೂ ಪರದೆಯ ಮೇಲೆ ಎದ್ದು ನಿಲ್ಲುವ ಗೆರೆಗಳು ಕೇಬಲ್ಲಿಗೆ ಹತ್ತಿಕೊಂಡ ಕರೆಂಟಿನವು.

2. 100 ಹರ್ಟ್ಸ್ ಕಂಡ ಕೂಡಲೇ ಅಲೈನ್‌ಮೆಂಟ್ ಸರಿಯಿಲ್ಲ ಎಂದು ಬರೆಯಬೇಡಿ. ನಮ್ಮ ಕರೆಂಟು 50 ಹರ್ಟ್ಸಿನದು. ಮೋಟರಿನೊಳಗೆ ಕಾಂತದ ಎಳೆತ ಅದರ ಎರಡು ಪಟ್ಟು. ನಿಮಿಷಕ್ಕೆ 2960 ಸುತ್ತಿನ ಮೋಟರಿನಲ್ಲಿ ಅಲೈನ್‌ಮೆಂಟ್ ದೋಷ ಕಾಣುವುದು ಸುತ್ತುವ ವೇಗದ ಎರಡು ಪಟ್ಟಿನಲ್ಲಿ, ಅಂದರೆ 98.7ರ ಹತ್ತಿರ. ಅರ್ಧ ಸೆಕೆಂಡಿನ ಡೇಟಾದಲ್ಲಿ ಎರಡೂ ಒಂದೇ ಗುಡ್ಡೆ. ಏಳೆಂಟು ಸೆಕೆಂಡು ತೆಗೆದರೆ ಬೇರೆಯಾಗುತ್ತವೆ. ಇನ್ನೂ ಸುಲಭದ್ದು, ಸ್ವಿಚ್ ಆಫ್ ಮಾಡಿಸಿ ನೋಡುವುದು. ಕರೆಂಟಿನ ಗೆರೆ ತಕ್ಷಣ ಮಾಯ, ಯಂತ್ರದ್ದು ವೇಗ ಇಳಿದಂತೆ ಇಳಿಯುತ್ತದೆ.

3. ಸರಾಸರಿಗೆ ಗುರುತು ಬೇಕು. ನೂರು ಸಲ ಅಳೆದು ಸರಾಸರಿ ತೆಗೆದರೆ ಗೊತ್ತುಗುರಿಯಿಲ್ಲದ ಗದ್ದಲ ಹತ್ತನೇ ಒಂದಕ್ಕೆ ಇಳಿಯುತ್ತದೆ. ಆದರೆ ಪ್ರತಿ ಸಲವೂ ಶಾಫ್ಟಿನ ಅದೇ ಜಾಗದಿಂದ ಶುರು ಮಾಡಿರಬೇಕು. ಇಲ್ಲದಿದ್ದರೆ ಬೇಕಾದ ಕಂಪನವೇ ಅಳಿಸಿಹೋಗುತ್ತದೆ. ಟ್ಯಾಕೋಮೀಟರ್ ಇರುವುದು ಅದಕ್ಕೇ.

ಅಣುಗಳ ಕಂಪನ ಹುಡುಕುವವರ ಪಾಡೂ ಇದೇ. ಅಮೆರಿಕದ ಸ್ಟ್ಯಾನ್‌ಫರ್ಡ್ ಬಳಿ 2009ರಲ್ಲಿ ಬೆಳಗಿದ ಎಕ್ಸ್-ರೇ ಲೇಸರ್‌ನಲ್ಲಿ ಅಯೋಡಿನ್ ಅಣುವಿನ ಅಲುಗಾಟವನ್ನು ಸೆರೆಹಿಡಿದಿದ್ದಾರೆ. ಸೆಕೆಂಡನ್ನು ಹತ್ತು ಕೋಟಿ ಕೋಟಿ ಪಾಲು ಮಾಡಿದರೆ ಒಂದು ಪಾಲು ಫೆಮ್ಟೋಸೆಕೆಂಡ್. ಅಯೋಡಿನ್ ಅಣು ತನ್ನ ಸಹಜ ಸ್ಥಿತಿಯಲ್ಲಿ ಒಮ್ಮೆ ಹಿಗ್ಗಿ ಕುಗ್ಗಲು ಸುಮಾರು 156 ಫೆಮ್ಟೋಸೆಕೆಂಡ್ ಸಾಕು. ಅಣುವನ್ನು ತಟ್ಟುವ ಲೇಸರಿಗೂ ಅದನ್ನು ನೋಡುವ ಎಕ್ಸ್-ರೇಗೂ ನಡುವಿನ ಸಮಯ ಪ್ರತಿ ಸಲ ಅಷ್ಟೇ ಆಚೀಚೆಯಾದರೆ ಸರಾಸರಿಯಲ್ಲಿ ಏನೂ ಉಳಿಯುವುದಿಲ್ಲ. ಹಾಗಾಗಿ ಅಂಥ ಪ್ರಯೋಗಗಳಲ್ಲಿ ಪ್ರತಿ ಹೊಡೆತದ ಸಮಯವನ್ನು ಬೇರೆಯಾಗಿ ಅಳೆದು, ಡೇಟಾವನ್ನು ಆ ಕ್ರಮದಲ್ಲಿ ಮರುಜೋಡಿಸಿ, ಆಮೇಲೆ ಸರಾಸರಿ ತೆಗೆಯುತ್ತಾರೆ. ಪ್ರತಿ ಹೊಡೆತದ ಬಲವೂ ಬೇರೆ, ಅದರಿಂದಲೂ ಭಾಗಿಸಬೇಕು. ನಮಗೆ ಡ್ರೈವ್ ಹಾಕಿದ, ವೇಗ ಏರಿಳಿಯುವ ಬ್ಲೋವರಿನಲ್ಲಿ ಇದೇ ತಲೆನೋವು: ಲೆಕ್ಕ ಸೆಕೆಂಡಿನಲ್ಲಿ ಬೇಡ, ಸುತ್ತಿನಲ್ಲಿ ಇಡಿ.

4. ಸರಾಸರಿ ತೆಗೆದ ಮೇಲೆ ಉಳಿದದ್ದನ್ನು ಬಿಸಾಡಬೇಡಿ. ಗೇರಿನ ಹಲ್ಲು ಮುರಿದದ್ದು ಸರಾಸರಿಯಲ್ಲಿ ಸಿಗುತ್ತದೆ. ಬೇರಿಂಗ್ ದೋಷ ಸಿಗುವುದಿಲ್ಲ. ಒಂಬತ್ತು ಗುಂಡಿನ 6205 ಬೇರಿಂಗಿನ ಹೊರ ರೇಸಿನಲ್ಲಿ ಗಾಯವಾದರೆ ಶಾಫ್ಟಿನ ಪ್ರತಿ ಸುತ್ತಿನಲ್ಲೂ ಸುಮಾರು 3.58 ಸಲ ಬಡಿಯುತ್ತದೆ. ಪೂರ್ಣಸಂಖ್ಯೆಯಲ್ಲ, ಹಾಗಾಗಿ ಶಾಫ್ಟಿನ ಸರಾಸರಿಯಲ್ಲಿ ಕರಗಿಹೋಗುತ್ತದೆ. ಮೂಲದಿಂದ ಸರಾಸರಿಯನ್ನು ಕಳೆಯಿರಿ, ಉಳಿಕೆಯಲ್ಲಿ ಹುಡುಕಿ. 1440 ಸುತ್ತಿನ ಮೋಟರಾದರೆ 86 ಹರ್ಟ್ಸ್ ಆಸುಪಾಸು.

5. ಫಿಲ್ಟರ್ ಸುಳ್ಳು ಹೇಳುತ್ತದೆ. ಪಕ್ಕದಲ್ಲಿ ನಾಕೌಟ್ ಮೆಷಿನ್ ಧಡ್ ಎಂದರೆ, ಕಿರಿದಾದ ಫಿಲ್ಟರಿನಿಂದ ಅದು ಚೆಂದದ ಕಂಪನವಾಗಿ ಹೊರಬರುತ್ತದೆ, ಅದೂ ನೀವು ಹುಡುಕುತ್ತಿದ್ದ ಹರ್ಟ್ಸಿನಲ್ಲೇ. ಯಂತ್ರ ನಿಲ್ಲಿಸಿ ತೆಗೆದ ಡೇಟಾವನ್ನೂ ಅದೇ ಫಿಲ್ಟರಿಗೆ ಹಾಕಿ. ಅಲ್ಲೂ ಅದೇ ಚಿತ್ರ ಬಂದರೆ ರಿಪೋರ್ಟ್ ಬರೆಯಬೇಡಿ.

6. ಸ್ಕ್ರೂಡ್ರೈವರ್ ತುದಿ ಹೌಸಿಂಗಿಗೆ, ಹಿಡಿ ಕಿವಿಗೆ ಒತ್ತಿ ಕೇಳುವ ಹಿರಿಯ ಫಿಟ್ಟರುಗಳಿದ್ದಾರೆ. 1923ರಿಂದ ಕಬ್ಬಿಣ ಕರಗಿಸಿದ ಭದ್ರಾವತಿ ಪಕ್ಕದಲ್ಲೇ ಇರುವಾಗ ಇಂಥವರಿಗೆ ಬರವೇ? ಅವರನ್ನು ಕೇಳಬೇಕಾದ ಮೊದಲ ಪ್ರಶ್ನೆ, ಗ್ರೀಸ್ ಯಾವಾಗ ಹಾಕಿದಿರಿ ಅಂತ. ಹೊಸ ಗ್ರೀಸ್ ಕುಡಿದ ಬೇರಿಂಗ್ ಸ್ವಲ್ಪ ಹೊತ್ತು ಸುಮ್ಮನಿರುತ್ತದೆ. ಆ ರೀಡಿಂಗ್ ಲೆಕ್ಕಕ್ಕಿಲ್ಲ.