ಕಾಂಚನಬುರಿಯಲ್ಲಿ ಸ್ಕೂಟರ್ ಓಡಿಸುವವರಿಗೆ

ಬ್ಯಾಂಕಾಕಿನಿಂದ ಪಶ್ಚಿಮಕ್ಕೆ, ಬರ್ಮಾ ಗಡಿಯ ಕಡೆಗಿರುವ ಊರು ಕಾಂಚನಬುರಿ. ಬೆನ್ನಿಗೊಂದು ಬ್ಯಾಗ್ ಹಾಕಿಕೊಂಡು ಥಾಯ್ಲೆಂಡ್ ಸುತ್ತುವ ನಮ್ಮ ಹುಡುಗ ಹುಡುಗಿಯರು ಜಲಪಾತಕ್ಕೆಂದು ಅಲ್ಲಿಗೆ ಹೋಗುತ್ತಾರೆ, ಜೊತೆಗೆ ‘ಸಾವಿನ ರೈಲು ಮಾರ್ಗ’ವನ್ನೂ ನೋಡುತ್ತಾರೆ. ಆ ದಾರಿಗಳಲ್ಲಿ ಸ್ಕೂಟರ್ ಓಡಿಸಿ ನಾನು ಕಲಿತದ್ದಿಷ್ಟು.

1. ಕಾಗದಪತ್ರ ಊರಲ್ಲೇ ಮಾಡಿಸಿಕೊಳ್ಳಿ. ಆರ್‌ಟಿಒ ಕೊಡುವ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಬೇಕು, ಅದರಲ್ಲಿ ದ್ವಿಚಕ್ರ ವಾಹನದ ನಮೂದು ಇರಲೇಬೇಕು. ಅದಿಲ್ಲದೆ ಬಿದ್ದು ಕೈಕಾಲು ಮುರಿದರೆ ಪ್ರಯಾಣ ವಿಮೆಯವರು ಹಣ ಕೊಡದಿರಬಹುದು. ಬಾಡಿಗೆ ಅಂಗಡಿಯಲ್ಲಿ ಪಾಸ್‌ಪೋರ್ಟ್ ಒತ್ತೆಯಿಡಬೇಡಿ. ಜೆರಾಕ್ಸ್ ಪ್ರತಿ ಮತ್ತು ನಗದು ಠೇವಣಿಗೆ ಒಪ್ಪುವ ಅಂಗಡಿಗಳಿವೆ. ಮೊದಲೇ ಇರುವ ಗೀರುಗಳನ್ನೆಲ್ಲ ಅಂಗಡಿಯವರ ಎದುರಿಗೇ ವಿಡಿಯೊ ಮಾಡಿಕೊಳ್ಳಿ.

2. ಅಲ್ಲಿಯೂ ಎಡಗಡೆಯ ಸಂಚಾರವೇ. ನಮಗದು ದೊಡ್ಡ ಅನುಕೂಲ. ಆದರೆ 323ನೇ ಹೆದ್ದಾರಿಯಲ್ಲಿ ಲಾರಿಗಳು ಜೋರಾಗಿ ಬರುತ್ತವೆ, ನೀವು ಅಂಚು ಹಿಡಿದು ಹೋಗುತ್ತಿದ್ದರೆ ಅದೇ ಅಂಚಿನಲ್ಲಿ ಎದುರಿನಿಂದಲೂ ಸ್ಕೂಟರ್ ಬರುವುದುಂಟು. ಕತ್ತಲಾಗುವ ಮುಂಚೆ ಊರು ಸೇರುವ ಹಾಗೆ ಲೆಕ್ಕ ಹಾಕಿ ಹೊರಡಿ.

3. ಎರವಾನ್ ಜಲಪಾತಕ್ಕೆ ಒಂದಿಡೀ ದಿನ ಬೇಕು. ಊರಿನಿಂದ ಸುಮಾರು 65 ಕಿಲೋಮೀಟರ್, ಏಳು ಹಂತ. ಸುಣ್ಣಕಲ್ಲಿನ ನೀರಾದ್ದರಿಂದ ಹಸಿರುನೀಲಿ ಬಣ್ಣ. ಕಾಲಿಟ್ಟರೆ ಮೀನುಗಳು ಬಂದು ಕಚ್ಚುತ್ತವೆ. ಮಧ್ಯಾಹ್ನ ಕಳೆದ ಮೇಲೆ ಮೇಲಿನ ಹಂತಗಳಿಗೆ ಬಿಡುವುದಿಲ್ಲ. ಹಾಗಾಗಿ ಬೆಳಿಗ್ಗೆಯೇ ಹೋಗಿ ನೇರವಾಗಿ ಏಳನೆಯ ಹಂತಕ್ಕೆ ಹತ್ತಿ, ಇಳಿಯುತ್ತಾ ಈಜಿ. ಸಾಯ್ ಯೋಕ್ ನೋಯ್ ಜಲಪಾತ 323ರ ಪಕ್ಕದಲ್ಲೇ ಇದೆ, ಬೇಸಿಗೆಯಲ್ಲಿ ಅದರ ನೀರು ತೀರಾ ಸಣ್ಣದಾಗುತ್ತದೆ.

4. ಸಾವಿನ ರೈಲು ಮಾರ್ಗಕ್ಕಾಗಿ ಬಂಡೆ ಸೀಳಿದ ಹೆಲ್‌ಫೈರ್ ಪಾಸ್ ಅನ್ನು ಎರವಾನ್ ದಿನಕ್ಕೆ ತುರುಕಬೇಡಿ. ಇದು ನನ್ನ ಗಟ್ಟಿ ಅಭಿಪ್ರಾಯ. ಜಲಪಾತದಲ್ಲಿ ಈಜಿ, ಒದ್ದೆ ಬಟ್ಟೆಯಲ್ಲಿ ಅಲ್ಲಿಗೆ ಓಡಿ, ಫೋಟೊ ತೆಗೆದುಕೊಂಡು ತಿರುಗುವವರು ಬಹಳ ಮಂದಿ. ಆ ಜಾಗಕ್ಕೆ ಅಷ್ಟು ಸಾಲದು.

ಬರ್ಮಾದಲ್ಲಿದ್ದ ತನ್ನ ಸೇನೆಗೆ ಸರಂಜಾಮು ಸಾಗಿಸಲು ಜಪಾನ್ 1942-43ರಲ್ಲಿ 415 ಕಿಲೋಮೀಟರ್ ಹಳಿ ಹಾಕಿಸಿತು; ಅದೇ ಈ ‘ಸಾವಿನ ರೈಲು ಮಾರ್ಗ’. ಹೆಲ್‌ಫೈರ್ ಪಾಸ್‌ನಲ್ಲಿ ಯುದ್ಧಕೈದಿಗಳು ಬಂಡೆಯನ್ನು ಬಹುಮಟ್ಟಿಗೆ ಕೈಯಿಂದಲೇ ಸೀಳಿದರು. ಒಬ್ಬ ಚಾಣ ಹಿಡಿದು ಪ್ರತಿ ಏಟಿಗೂ ತಿರುಗಿಸುತ್ತಿದ್ದ, ಇನ್ನೊಬ್ಬ ಚಮ್ಮಟಿಗೆಯಿಂದ ಬಡಿಯುತ್ತಿದ್ದ, ತೂತಾದ ಮೇಲೆ ಸಿಡಿಮದ್ದು. ಗೋಡೆಯ ಹತ್ತಿರ ನಿಂತು ನೋಡಿ: ಆ ತೂತುಗಳ ಅರ್ಧ ಕೊಳವೆಯಂಥ ಗುರುತುಗಳು ಕಲ್ಲಿನಲ್ಲಿ ಹಾಗೇ ಉಳಿದಿವೆ, ಬೆರಳಿಟ್ಟರೆ ಕೂರುತ್ತದೆ. ರಾತ್ರಿ ಪಾಳಿಯಲ್ಲಿ ಬಿದಿರಿನ ಬೆಂಕಿ, ದೀಪಗಳ ಬೆಳಕಿನಲ್ಲಿ ಬಡಕಲು ದೇಹಗಳು ಕಂಡ ಬಗೆಯಿಂದಲೇ ಜಾಗಕ್ಕೆ ನರಕದ ಬೆಂಕಿಯ ಹೆಸರು ಬಂತು. ಅಲ್ಲಿನ ಮ್ಯೂಸಿಯಂ ಅನ್ನು ಆಸ್ಟ್ರೇಲಿಯಾ ಸರ್ಕಾರ ನಡೆಸುತ್ತದೆ. ಆಡಿಯೊ ಗೈಡ್ ಕೇಳಿ ಪಡೆಯಿರಿ. ಬದುಕಿ ಬಂದ ಕೈದಿಗಳೇ ಅದರಲ್ಲಿ ಮಾತಾಡುತ್ತಾರೆ.

5. ಸಮಾಧಿಯಿಲ್ಲದವರನ್ನು ಹುಡುಕಿಕೊಂಡು ಹೋಗಿ. ಊರೊಳಗಿನ ಯುದ್ಧ ಸ್ಮಶಾನದಲ್ಲಿ ಸುಮಾರು 7,000 ಸಮಾಧಿಗಳು. ಹುಲ್ಲು ಕತ್ತರಿಸಿ ಅಚ್ಚುಕಟ್ಟಾಗಿಟ್ಟಿದ್ದಾರೆ, ಬಹುತೇಕ ಕಲ್ಲುಗಳ ಮೇಲೆ ಹೆಸರು, ವಯಸ್ಸು ಇವೆ. ಅವರಲ್ಲಿ ಹೆಚ್ಚಿನವರು ಬ್ರಿಟಿಷ್, ಆಸ್ಟ್ರೇಲಿಯನ್, ಡಚ್ ಸೈನಿಕರು. ಮಾರ್ಗದಲ್ಲಿ ಸತ್ತ ಯುದ್ಧಕೈದಿಗಳು 12,000ಕ್ಕೂ ಹೆಚ್ಚು. ಆದರೆ ಅವರಿಗಿಂತ ಎಷ್ಟೋ ಪಟ್ಟು ಹೆಚ್ಚು ಸತ್ತವರು ಏಷ್ಯಾದ ಕೂಲಿಗಳು: ಬರ್ಮಾದವರು, ಜಾವಾದವರು, ಮಲಯಾದ ರಬ್ಬರ್ ತೋಟಗಳಿಂದ ಆಸೆ ತೋರಿಸಿಯೋ ಹಿಡಿದೋ ತಂದ ತಮಿಳರು. ಕೂಲಿಗಳ ಪಾಳೆಯಗಳಲ್ಲಿ ಕಾಲರಾ ಬಂದರೆ ನೋಡುವ ವೈದ್ಯರು ಇದ್ದದ್ದೇ ಕಡಿಮೆ. ಎಷ್ಟು ಜನ ಹೋದರೆಂದು ಲೆಕ್ಕವಿಟ್ಟವರಿಲ್ಲ, ಅಂದಾಜು 90,000ದವರೆಗೂ ಹೋಗುತ್ತದೆ. ನಮ್ಮ ಪಕ್ಕದ ಊರುಗಳಿಂದ ಹಡಗು ಹತ್ತಿದವರ ಮಕ್ಕಳು ಆ ತಮಿಳರು. ಭಾರತದಿಂದ ಹೋದವರು ಈ ಮಾರ್ಗದ ರೈಲು ಸೇತುವೆಯ ಮೇಲೆ ಸೆಲ್ಫಿ ತೆಗೆದು ಇವರ ವಿಷಯವೇ ತಿಳಿಯದೆ ಮರಳುವುದು ನನಗೆ ತಡೆಯಲಾಗದ ಸಂಕಟ. ಸ್ಮಶಾನದ ಹತ್ತಿರದಲ್ಲೇ ಇರುವ ವಾಟ್ ಥಾವೊರ್ನ್ ದೇವಾಲಯದ ಆವರಣದಲ್ಲಿ ಈ ಕೂಲಿಗಳ ಅಸ್ಥಿ ಇಟ್ಟ ಸ್ಮಾರಕವಿದೆ. ಕೇಳಿಕೊಂಡು ಹೋಗಿ, ಸ್ವಲ್ಪ ಹೊತ್ತು ನಿಲ್ಲಿ.

6. ಸೇತುವೆಯನ್ನು ಸಿನಿಮಾದಿಂದ ಅಳೆಯಬೇಡಿ. ಈ ಸೇತುವೆಯನ್ನು ಪ್ರಸಿದ್ಧಗೊಳಿಸಿದ 1957ರ ಸಿನಿಮಾ ಚಿತ್ರೀಕರಣವಾದದ್ದು ಶ್ರೀಲಂಕಾದಲ್ಲಿ. ಅದರಲ್ಲಿನದು ಮರದ ಸೇತುವೆ, ಇಲ್ಲಿರುವುದು ಕಬ್ಬಿಣದ್ದು. ಕಮಾನಿನಂಥ ಭಾಗಗಳು ಯುದ್ಧಕಾಲದವು. ನಡುವೆ ನೇರ ಅಂಚಿನ ಎರಡು ಭಾಗಗಳಿವೆಯಲ್ಲ, ಬಾಂಬಿಗೆ ಬಿದ್ದದ್ದನ್ನು ಯುದ್ಧದ ನಂತರ ಬದಲಿಸಿದ್ದು.

7. ಒಂದು ದಿನ ಸ್ಕೂಟರ್ ಬಿಟ್ಟು ರೈಲು ಹತ್ತಿ. ಕಾಂಚನಬುರಿಯಿಂದ ನಾಮ್ ಟೋಕ್‌ವರೆಗೆ ಆ ಹಳೆಯ ಮಾರ್ಗದಲ್ಲೇ ಇಂದಿಗೂ ಪ್ಯಾಸೆಂಜರ್ ಗಾಡಿ ಓಡುತ್ತದೆ. ಥಾಮ್ ಕ್ರಸೇ ಬಳಿ ಬಂಡೆಗೂ ನದಿಗೂ ನಡುವೆ ಮರದ ಕಂಬಗಳ ಮೇಲೆ ಅದು ನಿಧಾನವಾಗಿ ತೆವಳುತ್ತದೆ. ಹೋಗುವಾಗ ಎಡಗಡೆಯ ಕಿಟಕಿ ಹಿಡಿಯಿರಿ, ನದಿ ಆ ಕಡೆ. ದಿನಕ್ಕೆ ಗಾಡಿಗಳು ಕೆಲವೇ ಕೆಲವು. ವಾಪಸ್ ಬರುವ ಕೊನೆಯ ಗಾಡಿಯ ಹೊತ್ತನ್ನು ಹತ್ತುವಾಗಲೇ ಸ್ಟೇಷನ್ನಿನಲ್ಲಿ ವಿಚಾರಿಸಿಕೊಳ್ಳಿ.