ಎಥನಾಲ್ ಪಾಠದಲ್ಲಿ ಬೀಗರ ಊಟ: ಕಡಕೊಳದ ಒಂದು ಅಭ್ಯಾಸ ಪಾಠ

ಪೀಠಿಕೆ

ಹತ್ತನೆಯ ತರಗತಿಯ ‘ಕಾರ್ಬನ್ ಮತ್ತು ಅದರ ಸಂಯುಕ್ತಗಳು’ ಘಟಕದಲ್ಲಿ ಎಥನಾಲ್ ಬಗ್ಗೆ ಓದುವಾಗ ಒಂದು ಮಾತು ಬರುತ್ತದೆ. ಕುಡಿತ ಖಂಡನೆಗೆ ಒಳಗಾಗಿದ್ದರೂ ಸಮಾಜದಲ್ಲಿ ವ್ಯಾಪಕವಾಗಿದೆ ಎಂಬುದು ಅದರ ಭಾವ. ಸಾಮಾನ್ಯವಾಗಿ ನಾವು ಇದನ್ನು ಓದಿಸಿ, ‘ಕುಡಿತ ಕೆಟ್ಟದ್ದು’ ಎಂದು ಹೇಳಿ ಮುಂದಿನ ಸಮೀಕರಣಕ್ಕೆ ಹೋಗಿಬಿಡುತ್ತೇವೆ. ಕಡಕೊಳದ ಪ್ರೌಢಶಾಲೆಯೊಂದರಲ್ಲಿ ಅಭ್ಯಾಸ ಬೋಧನೆ ಮಾಡುವಾಗ ಈ ಒಂದು ಮಾತಿಗೆ ಎರಡು ಅವಧಿ ಕೊಟ್ಟೆ.

ಅದಕ್ಕೆ ಕಾರಣ ಊರಿನಲ್ಲೇ ಇದೆ. ಕಡಕೊಳ ಮೈಸೂರು–ನಂಜನಗೂಡು ಹೆದ್ದಾರಿಯ ಮೇಲಿದೆ, ಪಕ್ಕದಲ್ಲೇ ಕೈಗಾರಿಕಾ ಪ್ರದೇಶವಿದೆ. ಯುಗಾದಿಯ ಮರುದಿನದ ಹೊಸತೊಡಕು, ಮದುವೆಯ ನಂತರದ ಬೀಗರ ಊಟ, ಆಯುಧಪೂಜೆಯ ಸಂಜೆಯ ಪಾರ್ಟಿ, ಎಲ್ಲದರಿಂದಲೂ ಜನ ಮನೆಗೆ ಹಿಂತಿರುಗುವುದು ಹೆಚ್ಚಾಗಿ ಬೈಕಿನಲ್ಲಿ. ಬೆಳಿಗ್ಗೆ ನಿಂಬೆಹಣ್ಣು ಇಟ್ಟು ಪೂಜೆ ಮಾಡಿದ ಬೈಕನ್ನೇ ರಾತ್ರಿ ಅಮಲಿನಲ್ಲಿ ಓಡಿಸುತ್ತಾರೆ. ಆ ಬೈಕಿನ ಹಿಂದಿನ ಸೀಟಿನಲ್ಲಿ ನಮ್ಮ ವಿದ್ಯಾರ್ಥಿಗಳೂ ಇರುತ್ತಾರೆ.

ಉದ್ದೇಶಗಳು

ಪಾಠಯೋಜನೆಯಲ್ಲಿ ಮೂರು ಉದ್ದೇಶಗಳನ್ನು ಬರೆದುಕೊಂಡೆ. ವಿದ್ಯಾರ್ಥಿಯು ಎಥನಾಲ್‌ನ ಉತ್ಕರ್ಷಣವನ್ನು ವಿವರಿಸುವನು. ರಕ್ತದಲ್ಲಿ ಆಲ್ಕೋಹಾಲ್ ಇಳಿಯಲು ಬೇಕಾಗುವ ಅಂದಾಜು ಸಮಯವನ್ನು ಲೆಕ್ಕ ಹಾಕುವನು. ಕುಡಿಯದವರ ಬಗ್ಗೆ ತನ್ನ ಸುತ್ತಲಿನ ಧೋರಣೆಯನ್ನು ಗುರುತಿಸುವನು. ‘ಕುಡಿತವನ್ನು ದ್ವೇಷಿಸುವನು’ ಎಂದು ಬೇಕೆಂದೇ ಬರೆಯಲಿಲ್ಲ. ತರಗತಿಯಲ್ಲಿ ಕುಡಿಯುವ ಅಪ್ಪಂದಿರ ಮಕ್ಕಳಿರುತ್ತಾರೆ. ಪಾಠ ಅವರನ್ನು ತಲೆತಗ್ಗಿಸುವಂತೆ ಮಾಡಬಾರದು.

ಮೊದಲ ಅವಧಿ: ವಿಜ್ಞಾನ

ಎಥನಾಲ್ ಇರುವ ಪ್ರನಾಳಕ್ಕೆ ಕ್ಷಾರೀಯ ಪೊಟ್ಯಾಸಿಯಂ ಪರ್ಮಾಂಗನೇಟ್ ದ್ರಾವಣವನ್ನು ಹನಿಹನಿಯಾಗಿ ಹಾಕಿ, ನೀರಿನ ಪಾತ್ರೆಯಲ್ಲಿ ಬಿಸಿ ಮಾಡಿ ತೋರಿಸಿದೆ. ನೇರಳೆ ಬಣ್ಣ ಮಾಯವಾದುದನ್ನು ಮಕ್ಕಳು ನೋಡಿದರು. ಇದೇ ಉತ್ಕರ್ಷಣದ ತತ್ತ್ವ ಪೊಲೀಸರ ಕೈಯಲ್ಲಿಯೂ ಇದೆ ಎಂದಾಗ ಹಿಂದಿನ ಬೆಂಚೂ ಮುಂದಕ್ಕೆ ಬಾಗಿತು. ಅಮೆರಿಕದ ರಾಬರ್ಟ್ ಬಾರ್ಕೆನ್‌ಸ್ಟೈನ್ 1954ರಲ್ಲಿ ರೂಪಿಸಿದ ಉಸಿರಾಟ ಪರೀಕ್ಷಕದಲ್ಲಿ ಪೊಟ್ಯಾಸಿಯಂ ಡೈಕ್ರೋಮೇಟ್‌ನ ಬಣ್ಣ ಬದಲಾಗುತ್ತಿತ್ತು. ಈಗ ಬಳಸುವ ಇಂಧನಕೋಶದ ಉಪಕರಣಗಳಲ್ಲಿ ಉಸಿರಿನ ಎಥನಾಲ್ ಉತ್ಕರ್ಷಣಗೊಂಡು ವಿದ್ಯುತ್ ಹುಟ್ಟುತ್ತದೆ, ಅದನ್ನು ಅಳೆಯುತ್ತಾರೆ.

ಮೋಟಾರು ವಾಹನ ಕಾಯ್ದೆಯ 185ನೇ ಕಲಂ ಪ್ರಕಾರ ಮಿತಿ 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ. 2019ರ ತಿದ್ದುಪಡಿಯ ನಂತರ ಮೊದಲ ಅಪರಾಧಕ್ಕೆ 6 ತಿಂಗಳವರೆಗೆ ಜೈಲು ಅಥವಾ 10,000 ರೂಪಾಯಿ ದಂಡ, ಇಲ್ಲವೇ ಎರಡೂ. ಯಕೃತ್ತು ಗಂಟೆಗೆ ಸುಮಾರು 15 ಮಿಲಿಗ್ರಾಂನಷ್ಟು ಮಟ್ಟವನ್ನು ಮಾತ್ರ ಇಳಿಸಬಲ್ಲದು. ಹಾಗಾದರೆ 90 ಇದ್ದವನು 30ಕ್ಕೆ ಬರಲು ಎಷ್ಟು ಹೊತ್ತು ಬೇಕು? ಮಕ್ಕಳೇ ಕಪ್ಪುಹಲಗೆಯ ಮೇಲೆ ಕಳೆದು, ಭಾಗಿಸಿ ‘4 ಗಂಟೆ’ ಎಂದರು. ಮಜ್ಜಿಗೆ, ನಿಂಬೆರಸ, ಕಾಫಿ, ತಣ್ಣೀರಿನ ಸ್ನಾನ ಯಾವುದೂ ಈ ಲೆಕ್ಕವನ್ನು ಬದಲಿಸುವುದಿಲ್ಲ. 30ರ ಕೆಳಗೆ ಇಳಿದ ಮಾತ್ರಕ್ಕೆ ಓಡಿಸುವುದು ಅಪಾಯವಿಲ್ಲದ್ದು ಎಂದಲ್ಲ ಎಂಬುದನ್ನೂ ಸೇರಿಸಿದೆ.

ಎರಡನೆಯ ಅವಧಿ: ‘ಬೇಡ’ ಎನ್ನುವ ಪಾತ್ರಾಭಿನಯ

ನಾಲ್ವರು ವಿದ್ಯಾರ್ಥಿಗಳಿಗೆ ಬೀಗರ ಊಟದ ಸನ್ನಿವೇಶ ಕೊಟ್ಟೆ. ಲೋಟದಲ್ಲಿ ನೀರು. ಒಬ್ಬ ಬೇಡ ಎನ್ನಬೇಕು, ಉಳಿದವರು ಒತ್ತಾಯಿಸಬೇಕು. ಒತ್ತಾಯಿಸುವ ಮಾತುಗಳನ್ನು ನಾನು ಹೇಳಿಕೊಡಬೇಕಾಗಲಿಲ್ಲ. ‘ನೀನೇನು ಸ್ವಾಮಿಗಳೇನಯ್ಯಾ?’, ‘ಹೆಂಡ್ತಿಗೆ ಹೆದರ್ತೀಯಾ?’, ‘ನಮ್ಮ ಜೊತೆ ಸೇರಲ್ವಾ?’ ಎಂದು ಥಟ್ಟನೆ ಬಂದವು. ಬೇಡ ಎನ್ನುವವನ ಬಾಯಿಂದ ಬಂದ ಉತ್ತರಗಳನ್ನು ಹಲಗೆಯ ಮೇಲೆ ಬರೆದೆ: ‘ಮಾತ್ರೆ ತಗೋತಿದ್ದೀನಿ’, ‘ಅಯ್ಯಪ್ಪನ ಮಾಲೆ ಹಾಕಿದ್ದೀನಿ’, ‘ಶ್ರಾವಣ ಶನಿವಾರ’. ಕಾಯಿಲೆ ಇಲ್ಲವೇ ಹರಕೆ. ಬೇರೆ ಕಾರಣ ಯಾರಿಗೂ ಹೊಳೆಯಲಿಲ್ಲ. ‘ನಾನು ಗಾಡಿ ಓಡಿಸಬೇಕು’ ಎಂಬುದು ಪಟ್ಟಿಯಲ್ಲೇ ಇರಲಿಲ್ಲ.

ಪುಸ್ತಕದ ಪ್ರಕಾರ ಖಂಡನೆ ಕುಡಿತಕ್ಕೆ. ಪಂಕ್ತಿಯಲ್ಲಿ ಖಂಡನೆಗೆ ಒಳಗಾಗುವವನು ಕುಡಿಯದವನು. ಈ ಅಂತರವನ್ನು ಮಕ್ಕಳು ತಾವೇ ಕಂಡುಕೊಂಡರು. ಆಗ ಬೇರೆ ದೇಶಗಳ ಮಾತು ತಂದೆ. ಗುಂಪಿನಲ್ಲಿ ಒಬ್ಬ ಆ ದಿನ ಕುಡಿಯದೆ ಎಲ್ಲರನ್ನೂ ಮನೆ ಸೇರಿಸುವ ಪದ್ಧತಿಯನ್ನು ಅಮೆರಿಕದಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ತಂಡ 1988ರಿಂದ ಟಿವಿ ಧಾರಾವಾಹಿಗಳ ಸಂಭಾಷಣೆಯ ಮೂಲಕ ಹರಡಿತು. ಬೆಲ್ಜಿಯಂ 1995ರಲ್ಲಿ ಅಂಥವನಿಗೆ ‘ಬಾಬ್’ ಎಂಬ ಹೆಸರನ್ನೇ ಕೊಟ್ಟಿತು. ಕುಡಿಯದವನಿಗೆ ಗುಂಪಿನಲ್ಲಿ ಒಂದು ಗೌರವದ ಜಾಗ ಸಿಕ್ಕಿತು. ನಮ್ಮ ಮಕ್ಕಳು ಅವನನ್ನು ‘ಇವತ್ತಿನ ಡ್ರೈವರ್’ ಎಂದು ಕರೆದರು. ಎರಡನೆಯ ಸಲದ ಅಭಿನಯದಲ್ಲಿ ಒಬ್ಬ ಹೇಳಿದ: ‘ಕೀ ನನ್ನ ಜೇಬಲ್ಲಿದೆ. ಲೋಟ ಬೇಡ, ಬೇಕಾದ್ರೆ ಇನ್ನೊಂದು ಸೌಟು ಸಾರು ಹಾಕು.’ ತರಗತಿ ನಕ್ಕಿತು, ಆದರೆ ಅವನನ್ನು ನೋಡಿ ನಗಲಿಲ್ಲ.

ಅವಲೋಕನ

ಎರಡು ಪ್ರತಿಕ್ರಿಯೆಗಳು ನನ್ನ ಪಾಠಯೋಜನೆಯ ಆಚೆಗಿದ್ದವು. ಹುಡುಗನೊಬ್ಬ, ‘ಮಿಸ್, ನಾನೇ ಓಡಿಸ್ತೀನಲ್ಲ, ನಾನು ಕುಡಿಯಲ್ಲ’ ಎಂದ. ಅವನಿಗೆ ಹದಿನೈದು ವರ್ಷ. ಗೇರಿನ ಬೈಕಿಗೆ 18 ತುಂಬಿರಬೇಕು. ಅಪ್ರಾಪ್ತರು ವಾಹನದಿಂದ ಅಪರಾಧ ಮಾಡಿದರೆ ಪೋಷಕರಿಗೋ ಮಾಲೀಕರಿಗೋ 3 ವರ್ಷದವರೆಗೆ ಜೈಲು ಮತ್ತು 25,000 ರೂಪಾಯಿ ದಂಡವಿದೆ. ಇದನ್ನು ಹೇಳುವ ಮೊದಲು ಅವನ ಕಾಳಜಿ ದೊಡ್ಡದು ಎಂದು ಹೇಳಿದೆ. ದೊಡ್ಡವರ ಕರ್ತವ್ಯ ಅವನ ಹೆಗಲಿಗೆ ಬರಬಾರದು ಎಂಬುದನ್ನು ಆಮೇಲೆ ಹೇಳಿದೆ.

ಹುಡುಗಿಯೊಬ್ಬಳು, ‘ನಮ್ಮನೇಲಿ ಕುಡಿಯದೇ ಇರೋದು ಅಮ್ಮ ಒಬ್ಬಳೇ. ಅಮ್ಮಂಗೆ ಗಾಡಿ ಬರಲ್ಲ’ ಎಂದಳು. ಕುಡಿಯದವರಿಗೆ ಗಾಡಿ ಓಡಿಸಲು ಬರುತ್ತದೆ ಎಂದು ‘ಇವತ್ತಿನ ಡ್ರೈವರ್’ ಪದ್ಧತಿ ಮೊದಲೇ ಅಂದುಕೊಂಡಿರುತ್ತದೆ. ನಮ್ಮ ಎಷ್ಟೋ ಮನೆಗಳಲ್ಲಿ ಅದು ನಿಜವಲ್ಲ. ಆದ್ದರಿಂದ ಉಳಿದ ಹತ್ತು ನಿಮಿಷ ಬೇರೆ ದಾರಿಗಳನ್ನು ಪಟ್ಟಿ ಮಾಡಿಸಿದೆ: ಹೋಗುವಾಗಲೇ ಕೊನೆಯ ಬಸ್ಸಿನ ಹೊತ್ತು ನೋಡಿಕೊಳ್ಳುವುದು, ನಾಲ್ಕು ಮನೆಯವರು ಸೇರಿ ಆಟೋ ಹೇಳುವುದು, ರಾತ್ರಿ ಬೀಗರ ಮನೆಯಲ್ಲೇ ಉಳಿಯುವುದು. ಅಮ್ಮ ಸ್ಕೂಟರ್ ಕಲಿಯುವುದನ್ನು ಸೇರಿಸಿದವಳು ಅದೇ ಹುಡುಗಿ.

ಸಹಪ್ರಶಿಕ್ಷಣಾರ್ಥಿಗಳಿಗೆ

ಈ ಪಾಠ ಮಾಡುವವರಿಗೆ ಎರಡು ಸಲಹೆಗಳು. ‘ನಿಮ್ಮ ಮನೆಯಲ್ಲಿ ಯಾರು ಕುಡಿಯುತ್ತಾರೆ?’ ಎಂದು ಕೇಳಬೇಡಿ. ಸನ್ನಿವೇಶವನ್ನು ಕಲ್ಪಿತ ಮನೆಯಲ್ಲಿಡಿ. ಮಗು ತಾನಾಗಿ ಹೇಳಿದರೆ ಕೇಳಿಸಿಕೊಳ್ಳಿ, ಬೇಕಾದರೆ ತರಗತಿಯ ನಂತರ ಪ್ರತ್ಯೇಕವಾಗಿ ಮಾತಾಡಿ. ಇನ್ನೊಂದು, ‘ಡ್ರೈವರ್’ ಎಂಬ ಕಾರಣಕ್ಕೇ ಪಾಠವನ್ನು ನಿಲ್ಲಿಸಬೇಡಿ. ಬೈಕಿಲ್ಲದವನೂ, ಮಾಲೆ ಹಾಕದವನೂ, ಮಾತ್ರೆ ನುಂಗದವನೂ ಬೇಡ ಎನ್ನಬಹುದು. ಮೌಲ್ಯಮಾಪನಕ್ಕೆ ನಾನು ಕೊಟ್ಟ ಕೊನೆಯ ಪ್ರಶ್ನೆ ಇದು: ‘ಬೇಡ’ ಎಂದ ಅತಿಥಿಗೆ ಕಾರಣ ಕೇಳದೆ ನೀವು ಆಡುವ ಮುಂದಿನ ಮಾತು ಏನು? ಹೆಚ್ಚಿನವರು ಬರೆದದ್ದು ಒಂದೇ ಉತ್ತರ: ‘ಊಟ ಆಯ್ತಾ?’